ಎಡಗೈ ತಂತಿ

ಗಿಟಾರ್ ತಂದವರ ಮುಖ ನೋಡುವ ಮೊದಲು ಮೇಷ್ಟ್ರು ಗಿಟಾರಿನ ಬೆನ್ನು ನೋಡುತ್ತಿದ್ದರು. ಬಂದವರು ನಮಸ್ಕಾರ ಎನ್ನುವಷ್ಟರಲ್ಲಿ ಅದು ಬೆಂಚಿನ ಮೇಲೆ, ಹಳೆಯ ಕಂಬಳಿಯ ತುಂಡಿನ ಮೇಲೆ, ಬೋರಲಾಗಿ ಮಲಗಿರುತ್ತಿತ್ತು. ಎಲೆಕ್ಟ್ರಿಕ್ ಗಿಟಾರಿನ ಕುತ್ತಿಗೆ ಮೈಗೆ ಸೇರುವ ಕಡೆ ನಾಲ್ಕು ಸ್ಕ್ರೂ ಹಾಕಿ ಬಿಗಿದ ಒಂದು ಉಕ್ಕಿನ ತಗಡು ಇರುತ್ತದೆ. ನಂಬರ್ ಕೊರೆದಿರುವುದು ಅದರ ಮೇಲೆ. ಅದನ್ನು ಓದಿ, ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ತಲೆ ಎತ್ತಿ, “ಬನ್ನಿ, ಕೂತ್ಕೊಳಿ” ಎನ್ನುತ್ತಿದ್ದರು. ಆ ಒಂದು ಕ್ಷಣ ಏನೆಂದು ನನಗೆ ತಿಳಿಯಲು ಎರಡು ವರ್ಷ ಬೇಕಾಯಿತು.

ಈ ಸಲ ಗಣೇಶನ ಹಬ್ಬಕ್ಕೆ ಎಂಟು ದಿನ ಇರುವಾಗ ಅವರು ತೀರಿಕೊಂಡರು. ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿದ್ದ ಅವರ ಅಂಗಡಿ ಗೊತ್ತಿಲ್ಲದ ಆರ್ಕೆಸ್ಟ್ರಾದವರು ಆ ಸುತ್ತಿನಲ್ಲಿ ಇರಲಿಲ್ಲ. ಗಾಡಿ ಬದಲಿಸಲು ಜಂಕ್ಷನ್ನಿನಲ್ಲಿ ಇಳಿದವರೂ ಎರಡು ಗಾಡಿಗಳ ನಡುವಿನ ಹೊತ್ತಿನಲ್ಲಿ ಬಂದು ರಿಪೇರಿ ಮಾಡಿಸಿಕೊಂಡು ಹೋಗುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಆದರೂ ಊರಿಗೆಲ್ಲ ಅವರು ಮೇಷ್ಟ್ರು. ನಾನೂ ಹಾಗೆಯೇ ಕರೆಯುತ್ತಿದ್ದೆ.

ನಾನು ಮೈಸೂರಿನಲ್ಲಿ ಗ್ರಂಥಾಲಯ ವಿಜ್ಞಾನ ಓದಿ, ಅರಸೀಕೆರೆಯ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಲೈಬ್ರೇರಿಯನ್ ಆಗಿದ್ದೆ. ವಾರವೆಲ್ಲ ಅಲ್ಲೇ ಒಂದು ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಬೇಲೂರಿನ ಮನೆಗೆ. ಕಾಲೇಜಿನ ಸ್ಟಾಕ್ ರಿಜಿಸ್ಟರೂ ನನ್ನ ತಲೆಗೇ ಬಿದ್ದಿತ್ತು. ಮೂಲೆಯಲ್ಲಿ ಸತ್ತು ಬಿದ್ದಿದ್ದ ಒಂದು ಆಂಪ್ಲಿಫೈಯರನ್ನು ಪಟ್ಟಿಯಿಂದ ತೆಗೆಯಬೇಕಾದರೆ ಅದು ಯಾವ ವರ್ಷದ್ದು ಎಂದು ಬರೆಯಬೇಕಿತ್ತು. ಯಾರಿಗೂ ಗೊತ್ತಿರಲಿಲ್ಲ. ಆಟೋದಲ್ಲಿ ಹಾಕಿಕೊಂಡು ಅವರಲ್ಲಿಗೆ ಹೋದೆ.

“ಬಿಲ್ ಐತಾ?” ಎಂದರು.

“ಇಲ್ಲ.”

“ಒಳ್ಳೇದಾಯ್ತು. ಬಿಲ್ ಇದ್ದಿದ್ರೆ ಅದನ್ನೇ ನಂಬಿಬಿಡ್ತಿದ್ರಿ.”

ಹಿಂದಿನ ಹಲಗೆ ಬಿಚ್ಚಿ ಟಾರ್ಚ್ ಹಿಡಿದರು. “ಪೆಟ್ಟಿಗೆ ಮೇಲಿನ ನಂಬರ್ ಅರವತ್ತೊಂಬತ್ತು ಅಂತೈತೆ. ಸ್ಪೀಕರ್ ಅಂಚಲ್ಲಿ ಎಪ್ಪತ್ತು. ಟ್ರಾನ್ಸ್‌ಫಾರ್ಮರ್ ಎಪ್ಪತ್ತೊಂದು. ಬೆಸುಗೆ ನೋಡಿ, ಯಾರೂ ಕೈ ಹಾಕಿಲ್ಲ. ಅಂದ್ಮೇಲೆ ಹೊಟ್ಟೆ ಒಳಗಿರೋದು ಬರೋಕೆ ಮುಂಚೆ ಇದು ಹುಟ್ಟಿರೋಕಾಗಲ್ಲ. ಎಪ್ಪತ್ತೊಂದು ಅಂತ ಬರ್ಕೊಳಿ ಮೇಡಂ.”

ಪುಸ್ತಕವೊಂದರ ಕಾಲವನ್ನು ಕಾಗದ, ಹೊಲಿಗೆ, ಮುದ್ರೆಗಳಿಂದ ಗೊತ್ತುಮಾಡುವುದನ್ನು ನಾನು ಓದಿದ್ದೆ. ಅದೇ ಕೆಲಸವನ್ನು ಸ್ಟೇಷನ್ ರಸ್ತೆಯ ಹತ್ತಡಿ ಅಂಗಡಿಯಲ್ಲಿ ನೋಡಿದ್ದು ಮೊದಲು. ಹೇಗೆ ಓದುತ್ತೀರಿ ಎಂದು ಕೇಳಿದೆ. ಅದುವರೆಗೆ ಅವರನ್ನು ಯಾರೂ ಹಾಗೆ ಕೇಳಿರಲಿಲ್ಲವೆಂದು ಕಾಣುತ್ತದೆ. ಎದ್ದು ಸ್ಟೂಲಿನ ಮೇಲಿನ ಧೂಳು ಒರೆಸಿ ಕೊಟ್ಟರು.

ಅಂದಿನಿಂದ ಸಂಜೆ ಕಾಲೇಜು ಮುಗಿದ ಮೇಲೆ ಒಂದು ಗಂಟೆ ಅಲ್ಲಿ ಕೂರುವುದು ರೂಢಿಯಾಯಿತು. ಗಿಟಾರಿನ ವಾಲ್ಯೂಮ್ ಕಂಟ್ರೋಲಿನ ಬೆನ್ನಿಗೆ ಒತ್ತಿರುವ ಏಳು ಅಂಕಿಗಳಲ್ಲಿ ಮೊದಲ ಮೂರು ತಯಾರಕನ ಗುರುತು, ಆಮೇಲಿನ ಎರಡು ವರ್ಷ, ಕೊನೆಯ ಎರಡು ವಾರ. ಕುತ್ತಿಗೆಯನ್ನು ಬಿಚ್ಚಿದರೆ ಅದರ ಬುಡದಲ್ಲಿ ತಿಂಗಳು ಮತ್ತು ವರ್ಷ ಇರುತ್ತದೆ. ಇವೆಲ್ಲವನ್ನೂ ನಾನು ಲೈಬ್ರರಿಯ ಕಾರ್ಡುಗಳಲ್ಲಿ ಬರೆದಿಟ್ಟುಕೊಂಡೆ. ಅವರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗತೊಡಗಿತ್ತು, ಸಣ್ಣ ಅಂಕಿಗಳು ಕಾಣುತ್ತಿರಲಿಲ್ಲ. ಗಿರಾಕಿಗಳಿಗೆ ಅದು ತಿಳಿಯಬಾರದು. ನಾನು ಕಲಿಯುವವಳಂತೆ ಗಟ್ಟಿಯಾಗಿ ಓದುತ್ತಿದ್ದೆ, ಅವರು ಕಲಿಸುವವರಂತೆ ಹೂಂ ಎನ್ನುತ್ತಿದ್ದರು. ಈ ಏರ್ಪಾಟಿನ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ.

ಅವರ ನಿಯಮಗಳು ಕೆಲವೇ. ತಗಡಿನ ನಂಬರನ್ನೇ ನಂಬಬೇಡ, ಬಿಚ್ಚಿ ನೋಡು. ಒಂದು ಮುಗಿಯದೆ ಇನ್ನೊಂದನ್ನು ಬಿಚ್ಚಬೇಡ. ನೋಡಿದ್ದನ್ನೆಲ್ಲ ರಿಜಿಸ್ಟರಿನಲ್ಲಿ ಬರಿ. ಅಂಗಡಿಗೆ ಬಂದ ಪ್ರತಿ ಗಿಟಾರಿನ ನಂಬರ್, ಬಣ್ಣ, ಒಳಗಿನ ತಾರೀಖು, ತಂದವರು, ಕೊನೆಯಲ್ಲಿ ಷರಾ. ಅಂಥ ಹನ್ನೊಂದು ರಿಜಿಸ್ಟರುಗಳಿದ್ದವು. “ಷರಾ ಖಾಲಿ ಬಿಡಬಾರದು ಕಣಮ್ಮ. ಏನೂ ಇಲ್ದಿದ್ರೆ ‘ಏನೂ ಇಲ್ಲ’ ಅಂತ ಬರಿ. ಖಾಲಿ ಬಿಟ್ರೆ ನೋಡ್ಲೇ ಇಲ್ಲ ಅಂತರ್ಥ.”

ಇನ್ನೊಂದು ಅಭ್ಯಾಸ. ಕುತ್ತಿಗೆ ಸಡಿಲವಾದರೆ ಅದು ಕೂರುವ ಗುಳಿಯಲ್ಲಿ ಒಂದು ತೆಳ್ಳನೆಯ ರಟ್ಟು ಇಟ್ಟು ಎತ್ತರ ಸರಿಮಾಡುತ್ತಾರೆ. ಅವರು ಇಡುತ್ತಿದ್ದುದು ಪ್ಲಾಟ್‌ಫಾರ್ಮ್ ಟಿಕೆಟ್ಟು, ಆ ಗಟ್ಟಿ ರಟ್ಟಿನ ಸಣ್ಣ ಟಿಕೆಟ್ಟು. ತಾರೀಖು ರೈಲ್ವೆಯವರೇ ಒತ್ತಿರುತ್ತಾರೆ, ಹಿಂದೆ ಒಂದು ಸಹಿ ಹಾಕಿದರಾಯಿತು.

ಕಣಕಟ್ಟೆಯಿಂದ ಒಬ್ಬ ಗಿಟಾರಿಸ್ಟ್ ಬರುತ್ತಿದ್ದ. ಮದುವೆ ಮನೆಗಳಲ್ಲಿ ಬಾರಿಸುವವನು. ಒಮ್ಮೆ ಒಂದು ಗಿಟಾರನ್ನು ಮಗುವಿನಂತೆ ಅವುಚಿಕೊಂಡು ಬಂದ.

“ಮೇಷ್ಟ್ರೇ, ಐವತ್ತೊಂಬತ್ತರ ಮಾಲು. ಮಾರಿದವನು ದೇವರಾಣೆ ಮಾಡವ್ನೆ.”

ಮೇಷ್ಟ್ರು ಬಿಚ್ಚಿದರು. ನಾನು ಓದಿದೆ: ಎಂಬತ್ತೆರಡು, ಮೂವತ್ತನೆಯ ವಾರ.

“ಏನ್ಲಾ, ತಾತ ಅಂತ ಹೊತ್ಕೊಂಡು ಬಂದಿದ್ದೀಯ. ಇವನು ನಿನ್ಗಿಂತ ಚಿಕ್ಕೋನು ಕಣೋ, ಕೆಳಗಿಳ್ಸು, ನಡೀತಾನೆ.”

ಅವನೂ ನಕ್ಕ. ಹೋಗುವಾಗ ಬಾಗಿಲಲ್ಲಿ ನಿಂತು, “ಒಂದು ಸುಳ್ಳು ಹೇಳಿದ್ರೆ ಏನ್ ಗಂಟು ಹೋಗ್ತಿತ್ತು ಮೇಷ್ಟ್ರೇ? ಇವತ್ತೊಂದಿನ ಖುಷಿಯಾಗಿರ್ತಿದ್ದೆ” ಎಂದ. ಮೇಷ್ಟ್ರು ನಗಲಿಲ್ಲ.

ಒಂದು ಸಂಜೆ ಹೊಸದಾಗಿ ಬಂದ ಗಿಟಾರಿನ ನಂಬರನ್ನು ಓದುತ್ತಿದ್ದೆ. “ಒಂದು, ನಾಲ್ಕು, ಆರು, ಎರಡು…” ಅವರ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು.

“ಮುಂದೆ?”

“ಏಳು, ಮೂರು.”

ಅವರು ಕೂತರು. “ಕೊನೆಗೆ ಸೊನ್ನೆ ಎಂಟು ಅಂತ ಯಾವತ್ತಾದ್ರೂ ಬಂದ್ರೆ ನಾನು ಇಲ್ದಿದ್ರೂ ತಂದೋರನ್ನ ಬಿಡಬೇಡ. ಕೂರ್ಸು, ಕೈ ಹಿಡ್ಕೊ, ಬಾಗ್ಲು ಹಾಕು” ಎಂದರು. ಆಮೇಲೆ ಹೇಳಿದರು.

ಅವರಿಗೆ ಒಬ್ಬಳು ತಂಗಿ. ಹತ್ತು ವರ್ಷ ಚಿಕ್ಕವಳು, ತಾಯಿ ಹೋದ ಮೇಲೆ ಇವರೇ ಸಾಕಿದ್ದು. ಅವಳು ಎಡಚಿ. ಮನೆಯಲ್ಲಿದ್ದ ಹಳೆಯ ಮರದ ಗಿಟಾರಿನ ತಂತಿಗಳನ್ನೆಲ್ಲ ತಿರುಗಿಸಿ ಕಟ್ಟಿ, ಎಡಗೈಯಲ್ಲಿ ಬಾರಿಸುತ್ತಿದ್ದಳು. “ಸ್ಟೇಜ್ ಮೇಲೆ ಜನ ನಗ್ತಾರೆ ಕಣೇ” ಎಂದು ಇವರು ಬಿಚ್ಚಿ ಬಲಗೈಗೆ ಕಟ್ಟುತ್ತಿದ್ದರು. ಬೆಳಿಗ್ಗೆ ಎದ್ದರೆ ಮತ್ತೆ ಎಡಗೈಗೆ. ಅಣ್ಣ ತಂಗಿಯ ಜಗಳವೆಲ್ಲ ತಂತಿಯಲ್ಲೇ ನಡೆಯುತ್ತಿತ್ತು, ಮಾತು ಕಡಿಮೆ.

ಹಳೇಬೀಡಿನಲ್ಲಿ ಒಬ್ಬರು ಆರ್ಕೆಸ್ಟ್ರಾ ಕಟ್ಟಿದರು. ಇವರು ಸೌಂಡು, ತಂಗಿ ಗಿಟಾರು. ದೇಶ ಬಿಟ್ಟು ಹೊರಟಿದ್ದ ಒಂದು ರೈಲ್ವೆ ಕುಟುಂಬದವರಿಂದ ಯಜಮಾನರು ಎರಡು ಅಮೆರಿಕನ್ ಗಿಟಾರ್ ಕೊಂಡರು. ಒಂದು ಕೆಂಪು, ಒಂದು ಕೆನೆ ಬಣ್ಣ. ಕೆಂಪಿನದು ತಂಗಿಗೆ. ಬಂದ ದಿನವೇ ಎರಡರ ನಂಬರುಗಳನ್ನೂ ಒಳಗಿನ ತಾರೀಖುಗಳನ್ನೂ ಇವರು ಬರೆದುಕೊಂಡರು. ಮೊದಲ ರಿಜಿಸ್ಟರಿನ ಮೊದಲ ಎರಡು ಸಾಲು ಅವೇ.

ಎರಡು ವರ್ಷ ಕಳೆದ ಮೇಲೆ ಅವಳು ಆರ್ಕೆಸ್ಟ್ರಾದ ಡ್ರಮ್ಮಿನವನನ್ನು ಮದುವೆಯಾಗುತ್ತೇನೆ ಎಂದಳು. ಇವರು ಕೆಂಪು ಗಿಟಾರನ್ನು ತೆಗೆದುಕೊಂಡು, ಆರೂ ತಂತಿಗಳನ್ನು ಬಿಚ್ಚಿ, ಬಲಗೈಗೆ ಕಟ್ಟಿ, ಅವಳ ಮಡಿಲಲ್ಲಿ ಇಟ್ಟರು. “ಮೊದ್ಲು ಇದನ್ನ ನೆಟ್ಟಗೆ ಹಿಡಿಯೋದು ಕಲಿ.” ಮಾರನೆಯ ದಿನ ಅವಳೂ ಇರಲಿಲ್ಲ, ಗಿಟಾರೂ ಇರಲಿಲ್ಲ. ಆರ್ಕೆಸ್ಟ್ರಾ ಒಡೆಯಿತು. ಹಳೇಬೀಡಿನ ಯಜಮಾನರು ಇವರೊಡನೆ ಮಾತು ಬಿಟ್ಟರು.

“ಬಣ್ಣ ಬಳೀಬಹುದು, ಹೆಸ್ರು ಬದಲಾಯಿಸ್ಬಹುದು. ನಂಬರ್ ಎಲ್ಲಿಗೆ ಹೋಗ್ತದೆ?” ಎಂದರು. “ಗಿಟಾರ್ ಅಂದ್ಮೇಲೆ ಒಂದಿನ ಕೆಡಲೇಬೇಕು. ಕೆಟ್ಟಿದ್ದು ಜಂಕ್ಷನ್ ದಾಟೋವಾಗ ನನ್ನ ಹತ್ರ ಬರಲೇಬೇಕು. ಇಪ್ಪತ್ತಾರು ವರ್ಷ ಆಯ್ತು.”

ಆ ಒಂದು ಕ್ಷಣ ಅದು.

ಮುಂದಿನ ವರ್ಷ ಹಳೇಬೀಡಿನಿಂದ ಒಂದು ಕಾರ್ಡು ಬಂತು. ಯಜಮಾನರ ಸೊಸೆ ಬರೆದದ್ದು: ಮಾವನವರು ಹೋಗಿ ಆರು ತಿಂಗಳಾಯಿತು, ಅಟ್ಟ ಖಾಲಿ ಮಾಡುವಾಗ ಒಂದು ಗಿಟಾರ್ ಸಿಕ್ಕಿದೆ, ನೋಡುವುದಾದರೆ ಬನ್ನಿ. ಒಬ್ಬರೇ ಬಸ್ಸಿನ ಬೋರ್ಡು ಓದುವಷ್ಟೂ ಅವರ ಕಣ್ಣು ಉಳಿದಿರಲಿಲ್ಲ. ಬೇಲೂರಿಗೆ ಹೋಗುವ ದಾರಿಯೇ ಆದ್ದರಿಂದ ಒಂದು ಶನಿವಾರ ನಾನು ಕರೆದುಕೊಂಡು ಹೋದೆ.

ಸೊಸೆ ಕಾಫಿ ಕೊಟ್ಟು, ಗೋಣಿಚೀಲದಿಂದ ಗಿಟಾರ್ ತೆಗೆದರು. ಕೆನೆ ಬಣ್ಣ. ಮೇಷ್ಟ್ರು ಅಭ್ಯಾಸದಂತೆ ಬೋರಲು ಹಾಕಿ, ತಗಡಿನ ಮೇಲೆ ಬೆರಳಾಡಿಸಿ, “ಓದು” ಎಂದರು.

“ಒಂದು, ನಾಲ್ಕು, ಆರು, ಎರಡು, ಸೊನ್ನೆ…” ನಾನು ನಿಲ್ಲಿಸಿದೆ.

“ಎಂಟು” ಎಂದು ಅವರೇ ಮುಗಿಸಿದರು. ಕಾಫಿ ಲೋಟ ಉರುಳಿತು. ಸೊಸೆಯ ಕೈಯನ್ನು ಹಿಡಿದುಕೊಂಡುಬಿಟ್ಟರು. “ಯಾವಾಗ ಬಂದಿದ್ಲಮ್ಮಾ? ಏನ್ ಹೇಳಿದ್ಲು? ಬಣ್ಣ ಯಾಕೆ ಬಳಿದ್ಲು?”

ಆಕೆ ಗಾಬರಿಯಾಗಿ ನನ್ನನ್ನು ನೋಡಿದರು. “ಯಾರೂ ಬಂದಿಲ್ಲ ಕಣ್ರೀ. ಇದು ಮೊದ್ಲಿಂದ್ಲೂ ಇಲ್ಲೇ ಐತೆ. ಆರ್ಕೆಸ್ಟ್ರಾ ನಿಂತ್ ದಿನ ಅಟ್ಟಕ್ಕೆ ಎಸೆದಿದ್ದು, ಮತ್ತೆ ಮುಟ್ಲಿಲ್ಲ ಅಂತಿದ್ರು ಮಾವ.”

“ಬಿಚ್ಚು” ಎಂದರು ನನಗೆ. ಸ್ಕ್ರೂಡ್ರೈವರ್ ಅವರ ಜೇಬಿನಲ್ಲೇ ಇತ್ತು.

ನಾಲ್ಕು ಸ್ಕ್ರೂ ತೆಗೆದು ಕುತ್ತಿಗೆ ಬಿಡಿಸಿದೆ. ಬುಡದಲ್ಲಿ ಪೆನ್ಸಿಲಿನಿಂದ ಅರವತ್ತೈದರ ನವೆಂಬರ್ ಎಂದಿತ್ತು. ಮೊದಲ ರಿಜಿಸ್ಟರಿನ ಸಾಲು ನನಗೆ ಬಾಯಿಪಾಠವಾಗಿತ್ತು: ಕೆಂಪಿನದು ಅರವತ್ತಾರರ ಮಾರ್ಚ್, ಕೆನೆಯದು ಅರವತ್ತೈದರ ನವೆಂಬರ್. ಇದು ಕೆನೆಯ ಗಿಟಾರೇ. ತಗಡು ಮಾತ್ರ ಕೆಂಪಿನದು. ಗುಳಿಯಲ್ಲಿ ಒಂದು ಪ್ಲಾಟ್‌ಫಾರ್ಮ್ ಟಿಕೆಟ್ಟು ಇತ್ತು. ಹಿಂದೆ ಅವರ ಸಹಿ. ತಾರೀಖು ಓದಿದೆ. ತಂಗಿ ಹೋಗುವುದಕ್ಕೆ ಮೂರು ತಿಂಗಳ ಹಿಂದಿನದು.

“ಆಮೇಲೆ ಇದನ್ನ ಯಾರೂ ಬಿಚ್ಚಿಲ್ಲ” ಎಂದರು. ಆ ಟಿಕೆಟ್ಟನ್ನು ಬೆರಳಿನಿಂದ ಸವರಿ, “ಶಿವರಾತ್ರಿ ಪ್ರೋಗ್ರಾಂ ಇತ್ತು. ಎರಡನ್ನೂ ಒಟ್ಟಿಗೆ ಬಿಚ್ಚಿ ಒರೆಸಿ, ಎರಡಕ್ಕೂ ಟಿಕೆಟ್ ಇಟ್ಟೆ. ತಗಡು, ಸ್ಕ್ರೂ ಎಲ್ಲ ಒಂದೇ ತಟ್ಟೆಲಿ ಹಾಕಿದ್ದೆ.”

ಅಷ್ಟೇ. ಇಪ್ಪತ್ತೇಳು ವರ್ಷ ಅವರು ಕಾದ ನಂಬರು ಹಳೇಬೀಡಿನ ಅಟ್ಟದಲ್ಲಿತ್ತು. ತಂಗಿ ಬೇರೆಯ ನಂಬರನ್ನು ಹೊತ್ತುಕೊಂಡು ಹೋಗಿದ್ದಳು.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಗಿಟಾರ್ ಅವರ ಎದೆಯ ಮೇಲಿತ್ತು. “ಇನ್ನೊಂದು ನಂಬರ್ ನಾನು ನೆನಪಿಟ್ಕೊಂಡೇ ಇರ್ಲಿಲ್ಲ, ಮೊದಲ ರಿಜಿಸ್ಟರ್ ಎರಡನೇ ಸಾಲಲ್ಲೈತೆ. ಅದು ಬಂದಿದ್ರೆ ಬರ್ದಿರ್ತೀನಿ. ಬರೀದೆ ಯಾವುದ್ನೂ ಬಿಟ್ಟಿಲ್ಲ. ಹುಡ್ಕು ಕಣಮ್ಮ.” ಆ ವಾರ ನಾನು ಬೇಲೂರಿಗೆ ಹೋಗಲಿಲ್ಲ. ಅವರೊಡನೆ ಅರಸೀಕೆರೆಗೇ ವಾಪಸ್ಸು ಬಂದೆ.

ಹನ್ನೊಂದು ರಿಜಿಸ್ಟರುಗಳು. ಪ್ರತಿ ಸಾಲಿನ ಮೇಲೂ ಸ್ಕೇಲ್ ಇಟ್ಟು ಓದಿದೆ. ಅವರು ಎದುರಿನ ಸ್ಟೂಲಿನಲ್ಲಿ ಕೂತಿರುತ್ತಿದ್ದರು. ಗಿರಾಕಿಗಳು ಬಂದರೆ “ನಾಳೆ ಬಾ.” ಪುಟ ತಿರುಗಿಸಿದ ಸದ್ದಾದಾಗಲೆಲ್ಲ “ಇಲ್ವಾ?” ನಾನು “ಇಲ್ಲ.” ಸಿಗಲಿ ಎಂದು ಅವರು ಬಯಸುತ್ತಿದ್ದರೋ, ಸಿಗದಿರಲಿ ಎಂದೋ, ನನಗೆ ತಿಳಿಯುತ್ತಿರಲಿಲ್ಲ. ಸಿಕ್ಕಿದರೆ ಅದು ಅವರ ಕೈಗೇ ಬಂದು ಹೋದಂತೆ.

ನಾಲ್ಕನೆಯ ದಿನ, ಐದನೆಯ ರಿಜಿಸ್ಟರಿನಲ್ಲಿ ಸಿಕ್ಕಿತು. ತಂಗಿ ಹೋಗಿ ಹನ್ನೊಂದು ವರ್ಷವಾದ ಮೇಲಿನ ಪುಟ. ನಾನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ.

“ಸಿಕ್ತು” ಎಂದರು ಅವರು. ಪುಟ ತಿರುಗದೆ ನಿಂತದ್ದು ಅವರಿಗೆ ಕೇಳಿಸಿತ್ತು.

“ಒಂದು ಮೂರು ಒಂಬತ್ತು ಐದು ಒಂದು ಏಳು. ಬಣ್ಣ ಕಪ್ಪು. ಒಳಗಿನ ತಾರೀಖು ನೋಡಿಲ್ಲ. ತಂದವರು, ಸ್ಟೇಷನ್ ಪೋರ್ಟರ್.”

“ಷರಾ?”

“ಏನೂ ಬರೆದಿಲ್ಲ, ಮೇಷ್ಟ್ರೇ.”

ಅವರು ಮುಖವನ್ನು ನನ್ನ ದನಿ ಬಂದ ಕಡೆ ತಿರುಗಿಸಿದರು. “ನಾನು ಷರಾ ಖಾಲಿ ಬಿಟ್ಟಿದ್ದು ಎಲ್ಲಾದ್ರೂ ನೋಡಿದ್ದೀಯಾ? ಓದಮ್ಮ.”

ಓದಿದೆ. ಅದು ಹೀಗಿತ್ತು: ‘ಎಡಗೈ ತಂತಿ. ಕೂಡಲೇ ನಂಬರ್ ನೋಡಿದೆ. ನಂಬರ್ ಬೇರೆ. ಪ್ಲಾಟ್‌ಫಾರ್ಮಿನಲ್ಲಿ ಕೂತಿರುವ ಒಬ್ಬ ಹೆಂಗಸು ಕಳಿಸಿದ್ದಂತೆ. ಏನಾಗಿದೆ ಎಂದು ಹೇಳಿಲ್ಲ, ಮೇಷ್ಟ್ರಿಗೆ ತೋರಿಸು ಎಂದಷ್ಟೇ ಹೇಳಿದರಂತೆ. ಮೈಸೂರು ಗಾಡಿಗೆ ಹೊತ್ತಾಗಿದೆ, ಬಿಚ್ಚಲಿಲ್ಲ. ಕೆಟ್ಟದ್ದೇನೂ ಕಾಣಲಿಲ್ಲ. ತಂತಿ ಬಲಗೈಗೆ ನೆಟ್ಟಗೆ ಕಟ್ಟಿ ಕಳಿಸಿದೆ.’

ಅಂಗಡಿಯಿಂದ ಸ್ಟೇಷನ್ನು ನಾಲ್ಕು ನಿಮಿಷದ ದಾರಿ. ಕೂತಲ್ಲಿಂದಲೇ ಗಾಡಿಯ ಅನೌನ್ಸ್‌ಮೆಂಟು ಕೇಳಿಸುತ್ತದೆ.

ಅವರು ಕೇಳಿದ್ದು ಇದು: “ಬಿಚ್ಚಿದ್ದಿದ್ರೆ ನನ್ನ ಟಿಕೆಟ್ ಸಿಗ್ತಿತ್ತು, ಅಲ್ವಾ?”

“ಹೌದು.”

“ಅವಳು ಕೇಳ್ದಳು. ನಾನು ಉತ್ತರ ಕೊಟ್ಟು ಕಳಿಸ್ದೆ.” ಆಮೇಲೆ, “ಅದೇ ಉತ್ತರ.”

ಮುಂದಿನ ತಿಂಗಳುಗಳಲ್ಲಿ ಅವರು ಹೇಳಿದಂತೆ ನಾನು ಕಾರ್ಡು ಬರೆದೆ. ಮೈಸೂರು ಕಡೆಯ ವಿಳಾಸ ಸಿಕ್ಕಿದ ಪ್ರತಿ ಆರ್ಕೆಸ್ಟ್ರಾಕ್ಕೂ, ಮೈಕ್‌ಸೆಟ್ ಅಂಗಡಿಗೂ, ರಿಪೇರಿಯವರಿಗೂ. ಈ ನಂಬರಿನ ಗಿಟಾರ್ ಕಂಡಿದ್ದರೆ ದಯವಿಟ್ಟು ತಿಳಿಸಿ. ಪ್ರತಿ ಕಾರ್ಡಿನಲ್ಲೂ ನಂಬರನ್ನು ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ ಬರೆಸಿದರು, ಮತ್ತೆ ತಪ್ಪಾಗಬಾರದೆಂದು. ಪೋಸ್ಟಿನವರು ರಸ್ತೆಯ ತಿರುವಿಗೆ ಬಂದರೆ ಮೇಷ್ಟ್ರು ಅಂಗಡಿಯಲ್ಲೇ ಎದ್ದು ನಿಲ್ಲುತ್ತಿದ್ದರು. ಸೈಕಲ್ಲಿನ ಸದ್ದು ನಿಲ್ಲದೆ ಮುಂದೆ ಹೋದ ಮೇಲೂ ಸ್ವಲ್ಪ ಹೊತ್ತು ನಿಂತೇ ಇರುತ್ತಿದ್ದರು.

ಬಂದ ಉತ್ತರ ಒಂದೇ. ಕೆಲವು ವರ್ಷಗಳ ಹಿಂದೆ ಹಳೆ ಸಾಮಾನಿನವನೊಬ್ಬನ ಬಳಿ ಆ ನಂಬರಿನ ಕಪ್ಪು ಗಿಟಾರ್ ನೋಡಿದ್ದೆ, ಯಾರಿಂದ ಬಂತೋ ಯಾರಿಗೆ ಹೋಯಿತೋ ತಿಳಿಯದು, ತಂತಿ ಬಲಗೈಗೆ ಕಟ್ಟಿತ್ತು, ತುಕ್ಕು ಹಿಡಿದಿತ್ತು, ಬೆರಳು ತಾಗಿ ಸವೆದ ಗುರುತಿರಲಿಲ್ಲ ಎಂದು ಒಬ್ಬ ರಿಪೇರಿಯವರು ಬರೆದಿದ್ದರು. ಅವರೂ ವಿವರವಾಗಿ ನೋಡುವ ಅಭ್ಯಾಸದವರು. ಒಂದೊಂದು ಪದವನ್ನೂ ಓದಿ ಹೇಳಿದೆ. ಆ ಸಲ ಏನನ್ನೂ ಬಿಡಲಿಲ್ಲ. ಬಿಡಬಹುದಿತ್ತೇ ಎಂದು ಇವತ್ತಿಗೂ ಗೊತ್ತಿಲ್ಲ.

“ಆ ಕೆನೆ ಗಿಟಾರ್ ಇಳಿಸು” ಎಂದರು. “ಎಡಗೈಗೆ ತಂತಿ ಕಟ್ಟು.”

ಅವರು ಹೇಳುತ್ತಾ ಹೋದರು, ನಾನು ಕಟ್ಟಿದೆ. ತಂತಿ ಕೂರುವ ಮೂಳೆಪಟ್ಟಿಯನ್ನೂ ತೆಗೆದು ತಿರುಗಿಸಬೇಕಾಯಿತು. ಮುಗಿದ ಮೇಲೆ ಒಂದೊಂದೇ ತಂತಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ, ಸ್ಟೇಷನ್ ಕಡೆಯಿಂದ ಬರುವವರಿಗೆ ಮೊದಲು ಕಾಣುವಂತೆ ಬಾಗಿಲ ಮೇಲೆ ತೂಗುಹಾಕಿಸಿದರು.

ಕಣಕಟ್ಟೆಯ ಗಿಟಾರಿಸ್ಟ್ ಒಂದು ದಿನ ಅದನ್ನು ನೋಡಿ, “ಏನ್ ಮೇಷ್ಟ್ರೇ, ವಯಸ್ಸಾಯ್ತಾ? ತಿರುಗಾಮುರುಗಾ ಕಟ್ಟಿದ್ದೀರಲ್ಲ. ಕೊಡಿ, ನೆಟ್ಟಗೆ ಮಾಡ್ತೀನಿ” ಎಂದು ಕೈ ಚಾಚಿದ.

“ಮುಟ್ಟಬೇಡ!” ಆ ದನಿಯಲ್ಲಿ ಅವರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅವನು ಹೆದರಿ ಕೈ ಹಿಂದಕ್ಕೆ ತೆಗೆದುಕೊಂಡ. ಕೊನೆಯ ಎರಡು ವರ್ಷ ಅದು ಅಲ್ಲೇ ಇತ್ತು. ಬಿಸಿಲಿಗೆ ಒಂದು ಮಗ್ಗುಲು ಹಳದಿಯಾಯಿತು. ಯಾರೂ ಅದನ್ನು ಕೇಳಿಕೊಂಡು ಬರಲಿಲ್ಲ.

ಅವರು ಹೋದ ಮೇಲೆ ಅಂಗಡಿಯ ಮಾಲೀಕರು ಸಾಮಾನು ಒಯ್ಯಲು ನನಗೆ ಹೇಳಿಕಳಿಸಿದರು. ಬೇರೆ ಯಾರೂ ಇರಲಿಲ್ಲ. ಹನ್ನೊಂದು ರಿಜಿಸ್ಟರುಗಳೂ ಗಿಟಾರೂ ಈಗ ಬೇಲೂರಿನಲ್ಲಿ ನನ್ನ ಕೋಣೆಯಲ್ಲಿವೆ. ಕೊನೆಯ ರಿಜಿಸ್ಟರಿನಲ್ಲಿ ಅರ್ಧ ಪುಟ ಉಳಿದಿತ್ತು. ಅವರು ಕಲಿಸಿದ ಕ್ರಮದಲ್ಲೇ ಒಂದು ಸಾಲು ಬರೆದೆ. ತಗಡಿನ ನಂಬರ್, ಒಂದು ನಾಲ್ಕು ಆರು ಎರಡು ಸೊನ್ನೆ ಎಂಟು. ಬಣ್ಣ, ಕೆನೆ. ಒಳಗಿನ ತಾರೀಖು, ಅರವತ್ತೈದರ ನವೆಂಬರ್. ತಂದವರು, ಮೇಷ್ಟ್ರು. ಷರಾ ಕಾಲಮ್ಮಿಗೆ ಬಂದೆ. ಖಾಲಿ ಬಿಡುವಂತಿರಲಿಲ್ಲ.

‘ಎಡಗೈ ತಂತಿ. ಸರಿಯಾಗಿದೆ. ತಿರುಗಿಸಬಾರದು.’